ಅತ್ತೆಯ ಬಲಗಿವಿಯೂ ಲಂಡನ್ನಿನ ಲಕೋಟೆಗಳೂ

ಶಿಕಾರಿಪುರದ ಬಸ್‌ಸ್ಟ್ಯಾಂಡ್

ಡಬ್, ಡಬ್. ಕಂಡಕ್ಟರು ಅಂಗೈಯಿಂದ ಬಸ್ಸಿನ ತಗಡಿಗೆ ಎರಡು ಸಲ ಬಡಿಯುವ ಸದ್ದು. ಅದರ ಹಿಂದೆಯೇ ಮೂಗಿನಿಂದ ಎಳೆದ ಒಂದು ‘ರೈಟ್’. ಶಿಕಾರಿಪುರದಿಂದ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋಗುವ ಆ ಬಸ್ಸು ನಮ್ಮ ಮಾವನವರದು. ಆ ಸದ್ದಾಗಿ, ಎಂಜಿನ್ನು ಗುಡುಗಿ, ಕಿಟಕಿಗಳೆಲ್ಲ ಗಡಗಡ ನಡುಗತೊಡಗಿದ ಮೇಲೆಯೇ ನನ್ನ ಅತ್ತೆಗೆ ಕಿವಿ ಕೇಳಲು ಶುರುವಾಗುತ್ತಿತ್ತು.

ತಮಾಷೆಗೆ ಹೇಳುತ್ತಿಲ್ಲ. ಮನೆಯಲ್ಲಿ, ನಿಶ್ಶಬ್ದದಲ್ಲಿ, ಅತ್ತೆಯ ಪಕ್ಕ ನಿಂತು ಕೂಗಿದರೂ ಕೇಳುತ್ತಿರಲಿಲ್ಲ. ಬಸ್ಸಿನ ಗದ್ದಲದಲ್ಲಿ ಮಾತ್ರ ಅವರು ನನ್ನ ಮಾತಿಗೆ ಸರಿಯಾಗಿ ಉತ್ತರ ಕೊಡುತ್ತಿದ್ದರು. ಅವರ ದನಿಯೋ, ತೀರಾ ಮೆಲ್ಲಗೆ. ಕಿವುಡರು ಜೋರಾಗಿ ಮಾತಾಡುತ್ತಾರೆ ಅಂದುಕೊಂಡಿದ್ದ ನಾನು, ಮದುವೆಯಾಗಿ ಸೊರಬಕ್ಕೆ ಬಂದ ಮೊದಲ ವರ್ಷ, ಈಕೆಗೆ ಜಂಬ, ಕಾನ್ವೆಂಟ್ ಹುಡುಗಿ ಅಂತ ನನ್ನನ್ನು ಕಂಡರೆ ಆಗುವುದಿಲ್ಲ ಎಂದೇ ನಂಬಿದ್ದೆ. ನನ್ನ ತವರು ಶಿಕಾರಿಪುರ. ಅಪ್ಪ ತಾಲ್ಲೂಕು ಕಚೇರಿಯಲ್ಲಿ ಹೆಡ್ ಕ್ಲಾರ್ಕ್. ನನ್ನನ್ನು ಬೋರ್ಡಿಂಗ್ ಕಾನ್ವೆಂಟಿಗೆ ಹಾಕಿ ಹತ್ತು ವರ್ಷ ಓದಿಸಿದ್ದರು. ತವರಿಗೆ ಹೋಗಿ ಬರುವಾಗ ಒಮ್ಮೆ ಅತ್ತೆ ಜೊತೆಗಿದ್ದರು. ಬಸ್ಸು ಹೊರಟಿದ್ದೇ ನನ್ನ ಕಡೆ ತಿರುಗಿ, “ನಿಮ್ಮಮ್ಮ ಎಂತ ಹೇಳಿದ್ರು? ಈಗ ಹೇಳು, ಈಗ ಕೇಳ್ತದೆ” ಅಂದರು. ಶಿರಾಳಕೊಪ್ಪ ಬರುವಷ್ಟರಲ್ಲಿ ನಾವಿಬ್ಬರೂ ಸ್ನೇಹಿತೆಯರಾಗಿದ್ದೆವು. ಬಸ್ಸು ಸೊರಬದಲ್ಲಿ ನಿಂತ ಕೂಡಲೇ ಮತ್ತೆ ಅವರ ಮುಖದ ಮೇಲೆ ಬಾಗಿಲು ಮುಚ್ಚಿಕೊಂಡಿತು.

ಮುಂಬಯಿಯ ಡಾಕ್ಟರೊಬ್ಬರು ಇದರ ಗುಟ್ಟು ಬಿಡಿಸಿ ಹೇಳಿದರು. ಕಿವಿಯೊಳಗೆ ಅಕ್ಕಿಕಾಳಿಗಿಂತ ಚಿಕ್ಕದೊಂದು ಮೂಳೆ ಇದೆಯಂತೆ. ಅದು ಅಲ್ಲಾಡಬೇಕು, ಅತ್ತೆಯದು ಅಂಟಿಕೊಂಡಿದೆ. ಅದನ್ನು ಅಲ್ಲಾಡಿಸಿ ಬಿಡಿಸುವ ಆಪರೇಷನ್ ಹೊಸದಾಗಿ ಬಂದಿದೆ, ಲಂಡನ್ನಿನಲ್ಲಿ ಇಂಥವರು ಮಾಡುತ್ತಾರೆ ಎಂದು ಕಾಗದ ಬರೆದುಕೊಟ್ಟರು. ಮಾವ ಎರಡು ಬಸ್ಸುಗಳಲ್ಲಿ ಒಂದನ್ನು ಮಾರಿದರು. ಊರಿನವರು ಹುಬ್ಬೇರಿಸಿದರು. ನಲವತ್ತೈದು ದಾಟಿದ ಹೆಂಗಸಿನ ಕಿವಿಗೆ ಒಂದು ಬಸ್ಸೇ ಅಂತ ಮಾವನ ಎದುರಿಗೇ ಒಬ್ಬರು ಕೇಳಿದರಂತೆ. ಮಾವ, “ಬಸ್ಸು ಕೂಗಿದ್ರೆ ನಿಮಗೆ ಕೇಳ್ತದಲ್ಲ, ಅದಕ್ಕೆ ಹಂಗಂತೀರಿ” ಅಂದು ಎದ್ದುಹೋದರಂತೆ.

ಆಗ ವಿದೇಶಕ್ಕೆ ದುಡ್ಡು ಒಯ್ಯುವುದು ಸುಲಭವಿರಲಿಲ್ಲ. ಸರ್ಕಾರದ ಪರ್ಮಿಟ್‌ನಲ್ಲಿ ಬರೆದಷ್ಟೇ ಪೌಂಡು, ಅದರ ಮೇಲೆ ಒಂದೂ ಇಲ್ಲ. ರೋಗಿ ಒಬ್ಬರು, ಅಟೆಂಡೆಂಟ್ ಒಬ್ಬರು. ಇಂಗ್ಲಿಷ್ ಬಲ್ಲವಳು ನಾನೇ ಆದ್ದರಿಂದ ನಮ್ಮವರು ಉಳಿದ ಒಂದು ಬಸ್ಸಿನ ಜೊತೆ ಸೊರಬದಲ್ಲೇ ಉಳಿದರು. ಇಪ್ಪತ್ತೆರಡು ವರ್ಷದ ನಾನು ಅತ್ತೆಯ ಕೈಹಿಡಿದು ಹೊರಟೆ.

ಹಡಗಿನ ಮೇಲೆ

ಹಡಗಿನಲ್ಲಿ ಎಲ್ಲರೂ ಗಾಳಿ ಬೀಸುವ ಕಡೆ ಕುರ್ಚಿ ಹಿಡಿಯಲು ಪೈಪೋಟಿ ನಡೆಸುತ್ತಿದ್ದರು. ಅತ್ತೆ ಮೊದಲ ದಿನವೇ ಇಡೀ ಹಡಗು ಸುತ್ತಿ, ಎಂಜಿನ್ನಿನ ಸದ್ದು ಅತಿ ಹೆಚ್ಚು ಬರುವ ಒಂದು ಬೆಂಚು ಹುಡುಕಿದರು. ಕಾಲಡಿಯ ಕಬ್ಬಿಣ ಜುಮ್ಮೆನ್ನುತ್ತಿತ್ತು, ಎಣ್ಣೆಯ ವಾಸನೆ ಬೇರೆ. ಇಂಗ್ಲಿಷ್ ಹೆಂಗಸೊಬ್ಬಳು ಬಂದು, ಅಲ್ಲಿ ತುಂಬಾ ಗಲಾಟೆ, ಈಚೆ ಬನ್ನಿ ಎಂದು ಒತ್ತಾಯಿಸಿದಳು. ನಮ್ಮ ಅತ್ತೆಗೆ ಗಲಾಟೆಯೇ ಇಷ್ಟ ಎಂದೆ. ಆಕೆ ‘ಹೌ ಚಾರ್ಮಿಂಗ್’ ಎಂದು ಹೇಳಿ ಹೋದವಳು ಏಡನ್ ಬರುವವರೆಗೆ ನಮ್ಮ ಹತ್ತಿರ ಸುಳಿಯಲಿಲ್ಲ.

ಆ ಬೆಂಚಿನ ಮೇಲೆ ನಾವು ಹದಿನೈದು ದಿನ ಮಾತಾಡಿದೆವು. ಅವಲಕ್ಕಿಗೆ ಚಟ್ನಿಪುಡಿ ಕಲಸಿ ತಿನ್ನುತ್ತ, ಸಮುದ್ರಕ್ಕೆ ಬೆನ್ನು ಹಾಕಿ. ಅವರ ಬದುಕಿನ ಕಥೆಯೆಲ್ಲ ನನಗೆ ಗೊತ್ತಾದದ್ದು ಅರಬ್ಬೀ ಸಮುದ್ರದಲ್ಲಿ. ಎರಡನೇ ಬಾಣಂತನದ ನಂತರ ಕಿವಿ ಮಂದವಾಯಿತಂತೆ. ಮೊದಲು ಹೋದದ್ದು ಬಾಗಿಲು ತಟ್ಟುವ ಸದ್ದು. ಆಮೇಲೆ ಮಗುವಿನ ತೊದಲು.

“ಮನೇಲಿ ಎಲ್ರೂ ನನ್ನೆದುರು ಬಾಯಿ ಬಾಯಿ ಬಿಡ್ತಾರೆ, ಕೆರೆ ಮೀನಿನ ಹಂಗೆ,” ಅಂದರು ಒಂದು ದಿನ. “ನಗ್ತಾರೆ. ಎಂತಕ್ಕೆ ಅಂದ್ರೆ, ‘ಎಂತಿಲ್ಲ ಬಿಡು’ ಅಂತಾರೆ. ಆ ಎಂತಿಲ್ಲ ಅನ್ನೋದೊಂದನ್ನ ಕೇಳಬೇಕು ನಂಗೆ. ಎಂತ ಇತ್ತು ಅದು ಅಂತ.”

ನಾನೂ ಎಷ್ಟು ಸಲ ‘ಎಂತಿಲ್ಲ ಬಿಡಿ’ ಅಂದಿದ್ದೆನೋ. ಫ್ರಾಂಕ್ಲಿ, ಆವತ್ತು ನಾಚಿಕೆಯಾಯಿತು.

ಗಿನಿ ಎಂಬ ನಾಣ್ಯವಿಲ್ಲದ ನಾಣ್ಯ

ಲಂಡನ್ನಿನಲ್ಲಿ ಒಂದು ಬಾಡಿಗೆ ಕೋಣೆ ಸಿಕ್ಕಿತು. ಮೀಟರಿನ ತೂತಿಗೆ ಶಿಲಿಂಗ್ ಹಾಕಿದರೆ ಉರಿಯುವ ಗ್ಯಾಸು, ಹಾಕದಿದ್ದರೆ ಅನ್ನ ಅರ್ಧಕ್ಕೇ ನಿಲ್ಲುತ್ತದೆ. ಅತ್ತೆ ಆ ಮೀಟರಿಗೆ ದಿನಾ ಬೆಳಿಗ್ಗೆ ನಮಸ್ಕಾರ ಮಾಡಿಯೇ ಅಕ್ಕಿ ತೊಳೆಯುತ್ತಿದ್ದರು. ದುಡ್ಡು ತಿಂದು ಅನ್ನ ಕೊಡುವ ದೇವರು ಇದೊಂದೇ ನಿಯತ್ತಿನದು ಅನ್ನುವುದು ಅವರ ವಾದ.

ಸರ್ಜನ್ ಎತ್ತರದ, ತಣ್ಣನೆಯ ಕೈಗಳ ಮನುಷ್ಯ. ಅವರನ್ನು ನಾನು ಡಾಕ್ಟರ್ ಅಂದೆ. ಅಲ್ಲಿದ್ದ ರಿಸೆಪ್ಷನಿಸ್ಟ್ ಹೆಂಗಸು ‘ಮಿಸ್ಟರ್’ ಎಂದು ತಿದ್ದಿದಳು. ಅಲ್ಲಿ ದೊಡ್ಡ ಸರ್ಜನ್ ಆದಮೇಲೆ ಡಾಕ್ಟರ್ ಪದವಿ ಬಿಟ್ಟುಬಿಡುತ್ತಾರಂತೆ. ನಮ್ಮಲ್ಲಿ ಕಾಂಪೌಂಡರನ್ನೂ ಡಾಕ್ಟರೇ ಅನ್ನುತ್ತೇವೆ. ನಮ್ಮ ಪದ್ಧತಿಯಲ್ಲಿ ಎಲ್ಲರಿಗೂ ಖುಷಿ.

ತಮ್ಮ ಫೀಸು ಎಪ್ಪತ್ತೈದು ಗಿನಿ ಎಂದು ಅವರು ಕಾಗದದಲ್ಲಿ ಬರೆದರು. ಗಿನಿ ಅಂದರೆ ಪೌಂಡಿನ ಮೇಲೊಂದು ಶಿಲಿಂಗ್. ಆ ಹೆಸರಿನ ನಾಣ್ಯ ಯಾರ ಜೇಬಿನಲ್ಲೂ ಇಲ್ಲ. ಆದರೂ ಡಾಕ್ಟರು, ವಕೀಲರಂಥ ದೊಡ್ಡ ಮನುಷ್ಯರು ಲೆಕ್ಕ ಹಾಕುವುದು ಅದರಲ್ಲೇ. ನಮ್ಮಲ್ಲಿ ಆಗಷ್ಟೇ ಹೊಸ ಪೈಸೆ ಬಂದು, ಹಳೇ ಆಣೆಗೆ ಎಷ್ಟು ಹೊಸ ಪೈಸೆ ಎಂದು ಬಸ್ಸಿನಲ್ಲಿ ದಿನಾ ಜಗಳ. ಆ ಜಗಳ ಬಿಡಿಸಿ ಬಂದ ನನಗೆ ಗಿನಿ ಏನು ಮಹಾ ಎಂದುಕೊಂಡೆ. ಎಪ್ಪತ್ತೈದು ಗಿನಿ ಕೊಟ್ಟರೆ ಎಲ್ಲ ಮುಗಿಯಿತು, ಪರ್ಮಿಟ್‌ನಲ್ಲಿ ಇನ್ನೂ ಬೇಕಾದಷ್ಟು ಉಳಿಯುತ್ತದೆ, ಎಡಗಿವಿಯನ್ನೂ ಮಾಡಿಸಿಕೊಂಡೇ ಹೋಗಬಹುದು ಎಂದು ಮಾವನಿಗೆ ಬರೆದೂಬಿಟ್ಟೆ. ಕಾನ್ವೆಂಟಿನಲ್ಲಿ ನಮಗೆ ಎಲಕ್ಯೂಷನ್, ನೀಡಲ್‌ವರ್ಕ್, ಟೇಬಲ್ ಮ್ಯಾನರ್ಸ್ ಎಲ್ಲ ಕಲಿಸಿದ್ದರು. ಬಿಲ್ ಓದುವುದನ್ನು ಮಾತ್ರ ಯಾವ ಸಿಸ್ಟರೂ ಕಲಿಸಿರಲಿಲ್ಲ.

ಆಪರೇಷನ್ನಿನ ದಿನ

ನಿದ್ದೆ ಬರಿಸದೆ, ಕಿವಿಯ ಸುತ್ತ ಮಾತ್ರ ಜೋಮು ಹಿಡಿಸಿ ಮಾಡುವ ಆಪರೇಷನ್ ಅದು. ಮೂಳೆ ಬಿಟ್ಟುಕೊಂಡಿತೋ ಇಲ್ಲವೋ ಎಂದು ಅಲ್ಲೇ ರೋಗಿಯನ್ನು ಮಾತಾಡಿಸಿ ನೋಡಬೇಕು. ಈ ರೋಗಿಗೆ ಬರುವುದು ಕನ್ನಡ ಒಂದೇ. ಆದ್ದರಿಂದ ನನಗೂ ಬಿಳಿ ಗೌನು ತೊಡಿಸಿ, ಬಾಯಿಗೆ ಬಟ್ಟೆ ಕಟ್ಟಿ, ಒಂದು ಮೂಲೆಯಲ್ಲಿ ನಿಲ್ಲಿಸಿದರು. ಅತ್ತೆಯ ತಲೆಯ ಹತ್ತಿರ ತೆಳ್ಳನೆಯ ಒಬ್ಬ ಮನುಷ್ಯ ಸ್ಟೂಲಿನ ಮೇಲೆ ಕುಳಿತು ಅವರ ಕೈಹಿಡಿದುಕೊಂಡಿದ್ದ. ಎಂಥ ಒಳ್ಳೆಯವನು ಎಂದು ಮನಸ್ಸಿನಲ್ಲೇ ಹರಸಿದೆ.

ಕೋಣೆಯಲ್ಲಿ ಒಂದಿಷ್ಟೂ ಸದ್ದಿಲ್ಲ. ಎಷ್ಟೋ ಹೊತ್ತಿನ ಮೇಲೆ ಸರ್ಜನ್ ತಲೆಯೆತ್ತದೆ, ಈಗ ಏನಾದರೂ ಕೇಳಿ, ಸಾಧಾರಣ ದನಿಯಲ್ಲಿ, ಎಂದರು. ನಾಲ್ಕು ವರ್ಷದ ಅಭ್ಯಾಸ, ಕೂಗಿಯೇಬಿಟ್ಟೆ.

“ಅತ್ತೇ, ನಾನು ವಿಮಲಾ. ಕೇಳ್ತದಾ?”

ಹಸಿರು ಬಟ್ಟೆಯ ಅಡಿಯಿಂದ ಅವರ ಮೆಲುದನಿ ಬಂತು. “ಎಂತಕ್ಕೆ ಹಂಗೆ ಕೂಗ್ತೀಯೆ? ನಾ ಎಂತ ಕಿವುಡಿಯಾ?”

ನಾನು ಅಳತೊಡಗಿದೆ. ಸರ್ಜನ್ ಗಾಬರಿಯಾಗಿ, ಏನಂದರು, ಏನಂದರು ಎಂದು ಕೇಳಿದರು. ಅನುವಾದ ಮಾಡಿದೆ. ಅವರ ಬಾಯಿಯ ಮೇಲಿನ ಬಟ್ಟೆ ನಗೆಗೆ ಉಬ್ಬಿ ಇಳಿಯಿತು. ಆ ಮನುಷ್ಯ ನಕ್ಕದ್ದನ್ನು ನಾನು ಕಂಡದ್ದು ಅಷ್ಟೇ, ಅದೂ ಬಟ್ಟೆಯ ಮೂಲಕ.

ದಿಂಬಿನ ಅಡಿ

ಅತ್ತೆಯನ್ನು ಹತ್ತು ದಿನ ನರ್ಸಿಂಗ್ ಹೋಮಿನಲ್ಲಿ ಇಟ್ಟುಕೊಂಡರು. ಮೂರನೆಯ ದಿನದಿಂದ ಲಕೋಟೆಗಳು ಬರತೊಡಗಿದವು. ಒಂದು ಸರ್ಜನ್ ಅವರದು. ಒಂದು ನರ್ಸಿಂಗ್ ಹೋಮಿನದು. ಎಕ್ಸ್‌ರೇ ತೆಗೆದವರದು ಇನ್ನೊಂದು ವಿಳಾಸದಿಂದ. ಕಿವಿಗೆ ಯಂತ್ರ ಹಚ್ಚಿ ಪೀಂ ಪೀಂ ಅನ್ನಿಸಿದವರದು ಮತ್ತೊಂದು. ಆಪರೇಷನ್ ಕೋಣೆಗೆ ಬೇರೆ ಬಾಡಿಗೆ. ಕೈಹಿಡಿದುಕೊಂಡು ಕೂತಿದ್ದ ಆ ಒಳ್ಳೆಯ ಮನುಷ್ಯನೂ ಡಾಕ್ಟರೇ, ನೋವಾಗದಂತೆ ನೋಡಿಕೊಳ್ಳುವವನು. ಅವನದೂ ಗಿನಿಯಲ್ಲೇ ಬಂತು. ಹಾಲಿನವ, ಮೊಸರಿನವ, ತುಪ್ಪದವ ಬೇರೆ ಬೇರೆ ಬಂದು ದುಡ್ಡು ಕೇಳಿದರೆ ಹೇಗೆ, ಹಸು ಒಂದೇ ಅಲ್ಲವೇ, ಎಂದು ನನ್ನ ಸಂಕಟ.

ಅತ್ತೆ ಒಂದನ್ನೂ ತೀರಿಸಲು ಬಿಡಲಿಲ್ಲ. ಅದಕ್ಕೊಂದು ಕಾರಣವಿತ್ತು. ಸೊರಬದಲ್ಲಿ ನಮ್ಮ ಪಂಡಿತರು ಮದ್ದು ಕೊಟ್ಟಾಗ ದುಡ್ಡಿನ ಮಾತೇ ಎತ್ತುತ್ತಿರಲಿಲ್ಲ. ರೋಗಿ ಗುಣವಾಗಿ, ತಲೆಗೆ ನೀರು ಹಾಕಿಸಿಕೊಂಡು, ಮಡಿಯುಟ್ಟು ಅವರ ಮನೆಗೆ ಹೋಗಬೇಕು. ಎಲೆ ಅಡಿಕೆಯ ಜೊತೆ ಕೈಲಾದದ್ದನ್ನು ಇಟ್ಟು ಕೊಡಬೇಕು. ಅವರು ಎಣಿಸದೆ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಸ್ನಾನಕ್ಕೆ ಮುಂಚೆ ಕೊಟ್ಟರೆ ಕಾಯಿಲೆಯನ್ನು ಬಾ ಎಂದು ಮತ್ತೆ ಕರೆದ ಹಾಗೆ. ಸ್ನಾನ ಆದಮೇಲೂ ಕೊಡದಿದ್ದರೆ ಮದ್ದು ಮೈಯಲ್ಲಿ ನಿಲ್ಲುವುದಿಲ್ಲ. ಇದು ನಮ್ಮೂರ ಕಟ್ಟು.

ಸರ್ಜನ್ ಏನು ಹೇಳಿದ್ದರು? ಆರು ವಾರ ತಲೆಗೆ ಒಂದು ತೊಟ್ಟು ನೀರು ಸೋಕಬಾರದು.

ಹೀಗಾಗಿ ಲಕೋಟೆಗಳು ಅತ್ತೆಯ ದಿಂಬಿನ ಅಡಿ ಸೇರಿದವು. ನರ್ಸಿಂಗ್ ಹೋಮಿನಿಂದ ಬಾಡಿಗೆ ಕೋಣೆಗೆ ಬಂದಮೇಲೂ ಬರುತ್ತಲೇ ಇದ್ದವು, ಅಲ್ಲಿಯ ದಿಂಬಿನ ಅಡಿಗೂ ಸೇರಿದವು. ಇತ್ತ ಅತ್ತೆ ಪ್ರತಿಯೊಂದು ಸದ್ದನ್ನೂ ಹೊಸ ಸೊಸೆಯಂತೆ ಮಾತಾಡಿಸುತ್ತಿದ್ದರು. ನಲ್ಲಿ ತೊಟ್ಟಿಕ್ಕುವುದು. ಕಾಗದ ಮಡಿಸುವುದು. ತಮ್ಮದೇ ಬಳೆ. ಬೀದಿಯ ಗದ್ದಲ ಮಾತ್ರ ಈಗ ಸೇರುತ್ತಿರಲಿಲ್ಲ, ಈ ಊರಿಗೆ ಎಂತ ಬಾಯಿ ಮಾರಾಯ್ತಿ ಅನ್ನುವರು.

ಮೂರನೆಯ ವಾರ ಒಂದು ಬೆಳಿಗ್ಗೆ ಚಹಾ ಕೊಟ್ಟು ಏನೋ ಕೇಳಿದೆ. ಅವರು ನನ್ನ ಬಾಯಿಯನ್ನೇ ನೋಡುತ್ತ ಕುಳಿತರು. ಹಳೆಯ ನೋಟ. ನಾನು ಮತ್ತೆ ಕೇಳಿದೆ, ಕೂಗಿದೆ. ಅವರ ಮುಖದ ಮೇಲೆ ಆ ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ಸ್ವಲ್ಪ ಹೊತ್ತಿಗೆ ಅವರೇ ದಿಂಬಿನ ಅಡಿ ಕೈಹಾಕಿ ಲಕೋಟೆಗಳನ್ನೆಲ್ಲ ನನ್ನ ಮಡಿಲಿಗೆ ಸುರಿದರು.

“ನಾ ತಪ್ಪು ಮಾಡಿದೆ,” ಅಂದರು. “ಕಿವಿ ಕೊಟ್ಟವರ ಋಣ ದಿಂಬಿನಡಿ ಇಟ್ಕಂಡು ಮಲಗಿದೆ. ಕೊಟ್ಟುಬಿಡು. ಎಲ್ಲದನ್ನೂ ಕೊಟ್ಟುಬಿಡು.”

ನಾನು ಒಂದೊಂದಾಗಿ ಬಿಡಿಸಿ ಕೂಡಿಸಿದೆ. ಮನೆಯಲ್ಲಿ ದಿನಾ ಬಸ್ಸಿನ ಟ್ರಿಪ್ ಶೀಟುಗಳನ್ನು ಕೂಡಿಸಿ ಮಾವನಿಗೆ ಕೊಡುತ್ತಿದ್ದವಳು ನಾನೇ. ಒಂದು ಟ್ರಿಪ್ಪಿಗೆ ಒಂದು ಶೀಟು, ಹತ್ತು ಶೀಟು ಇದ್ದರೆ ಹತ್ತನ್ನೂ ಕೂಡಿಸಬೇಕು, ಒಂದನ್ನು ಬಿಟ್ಟರೂ ಕಂಡಕ್ಟರು ಕೆಟ್ಟ. ಅದೇ ಶ್ರದ್ಧೆಯಿಂದ ಇಲ್ಲಿಯೂ ಒಂದನ್ನೂ ಬಿಡದೆ ಕೂಡಿಸಿದೆ. ಬಂದ ಮೊತ್ತ ನಂಬದೆ ಮತ್ತೊಮ್ಮೆ ಕೂಡಿಸಿದೆ. ನಮ್ಮ ಹತ್ತಿರ ಉಳಿದ ಪೌಂಡುಗಳ ಒಂದೂವರೆಪಟ್ಟು. ಎಡಗಿವಿಯ ಮಾತು ಹಾಗಿರಲಿ, ಬಲಗಿವಿಯ ಋಣವೇ ತೀರುವುದಿಲ್ಲ. ಊರಿಗೆ ತಂತಿ ಕೊಟ್ಟರೂ ಮಾವ ಹೆಚ್ಚಿಗೆ ಒಂದು ಪೌಂಡು ಕಳಿಸುವಂತಿಲ್ಲ. ಕೊಡದೆ ಹಡಗು ಹತ್ತಲು ಅತ್ತೆ ಒಪ್ಪುವುದಿಲ್ಲ. ಬಸ್ಸೂ ಹೋಯಿತು, ಕಿವಿಯೂ ಹೋಗುತ್ತಿದೆ. ನಾನು ಕೈಯ ಎರಡು ಚಿನ್ನದ ಬಳೆ ತೆಗೆದು ಕರವಸ್ತ್ರದಲ್ಲಿ ಕಟ್ಟಿದೆ.

ನೆಲಮಾಳಿಗೆಯ ಮಿಸ್ ಡಾಲ್ಟನ್

ನರ್ಸಿಂಗ್ ಹೋಮಿನ ಲೆಕ್ಕದ ಕೋಣೆ ರಸ್ತೆಗಿಂತ ಕೆಳಗಿತ್ತು. ಕಿಟಕಿಯಲ್ಲಿ ಬೀದಿಯವರ ಬೂಟುಗಳು ಮಾತ್ರ ಕಾಣುತ್ತಿದ್ದವು. ಅಲ್ಲಿ ಮಿಸ್ ಡಾಲ್ಟನ್ ಎಂಬಾಕೆ, ಐವತ್ತರ ಆಸುಪಾಸು, ದಪ್ಪ ಕನ್ನಡಕ, ಮೊಣಕೈಯಲ್ಲಿ ಹೊಲಿಗೆ ಹಾಕಿದ ಸ್ವೆಟರ್. ಏನು ಹೇಳುವ ಮೊದಲೂ ಇಂಗ್ಲಿಷಿನ ಒಂದು ‘ಸಾರಿ’. ನಾನು ಕರವಸ್ತ್ರ ಮೇಜಿನ ಮೇಲಿಟ್ಟು, ಇದಕ್ಕೆ ಇಲ್ಲಿ ಎಷ್ಟು ಬಂದೀತು, ಯಾರ ಹತ್ತಿರ ಹೋಗಬೇಕು ಎಂದು ಕೇಳಿದೆ. ಆಕೆ ಗಂಟು ಬಿಚ್ಚಿ ನೋಡಿ, ಸಾರಿ ಎಂದು ಹೇಳಿ ಮತ್ತೆ ಕಟ್ಟಿ ನನ್ನ ಕಡೆಗೇ ಸರಿಸಿದಳು.

“ಮೊದಲು ಇವನ್ನು ಕೈಗೆ ಹಾಕಿಕೊಳ್ಳಿ. ಆಮೇಲೆ ಆ ಕಾಗದಗಳನ್ನು ತೋರಿಸಿ.”

ಅಂದು ಗುರುವಾರ. ಕೆಲಸದ ಹೊತ್ತಿನಲ್ಲಿ ಆಗುವುದಿಲ್ಲ, ಶನಿವಾರ ಮಧ್ಯಾಹ್ನ ಆಫೀಸು ಮುಚ್ಚಿದ ಮೇಲೆ ಬನ್ನಿ ಎಂದಳು. ಹೋದೆ. ತನ್ನ ಅರ್ಧ ದಿನದ ರಜೆಯನ್ನು ಆಕೆ ನಮ್ಮ ಲಕೋಟೆಗಳಿಗೆ ಕೊಟ್ಟಳು. ಚಹಾ ಮಾಡಿದಳು, ಮೇಜು ಖಾಲಿ ಮಾಡಿದಳು, ಇಸ್ಪೀಟಿನ ಎಲೆ ಹಾಕುವಂತೆ ಕಾಗದಗಳನ್ನು ಒಂದೊಂದಾಗಿ ಹಾಸಿದಳು.

ಅವರ ಬಿಲ್ಲಿನ ಕ್ರಮವೇ ಬೇರೆ. ಎರಡನೆಯ ವಾರದ ಕಾಗದದಲ್ಲಿ ಮೊದಲನೆಯ ವಾರದ ಬಾಕಿಯೂ ಸೇರಿರುತ್ತದೆ. ಮೂರನೆಯದರಲ್ಲಿ ಹಿಂದಿನ ಎರಡೂ. ಕೊನೆಯದೊಂದನ್ನು ಇಟ್ಟುಕೊಂಡರೆ ಸಾಕು, ಉಳಿದದ್ದನ್ನು ಹರಿದುಹಾಕಬಹುದು. ನಾನು ಟ್ರಿಪ್ ಶೀಟಿನಂತೆ ಮೂರನ್ನೂ ಕೂಡಿಸಿದ್ದೆ. ಆಪರೇಷನ್ ಕೋಣೆಯ ಬಾಡಿಗೆ ಒಂದು ಕಡೆ ಬಿಡಿಯಾಗಿ, ಇನ್ನೊಂದು ಕಡೆ ಮೊತ್ತದ ಒಳಗೆ, ಎರಡು ಸಲ ನಿಂತಿತ್ತು. ಅದನ್ನೂ ಕೂಡಿಸಿದ್ದೆ. ಕಾನ್ವೆಂಟಿನಲ್ಲಿ ಓದಿದವಳು, ಇಷ್ಟೂ ತಿಳಿಯಲಿಲ್ಲವಲ್ಲ ಎಂದೆ.

“ಸಾರಿ, ನನಗೂ ಮೊದಲ ವರ್ಷ ತಿಳಿದಿರಲಿಲ್ಲ,” ಎಂದಳು ಮಿಸ್ ಡಾಲ್ಟನ್. “ಆಮೇಲೆ ಗೊತ್ತಾಯಿತು. ಓದುವವರಿಗೆ ತಿಳಿಯಲಿ ಎಂದು ಬರೆದ ಕಾಗದಗಳಲ್ಲ ಇವು.”

ಆಮೇಲೆ ಪೆನ್ಸಿಲ್ ಒಂದು ಸಾಲಿನ ಮೇಲೆ ನಿಂತಿತು. ನಿಮ್ಮ ಅತ್ತೆಯವರು ಬ್ರಾಂದಿ ತೆಗೆದುಕೊಳ್ಳುತ್ತಾರೆಯೇ ಎಂದು ಬಹಳ ಮರ್ಯಾದೆಯಿಂದ ಕೇಳಿದಳು. ನಾನು ಬೆಚ್ಚಿಬಿದ್ದೆ. ಹತ್ತು ದಿನವೂ ರಾತ್ರಿ ಊಟದ ಮೇಲೆ ಒಂದೊಂದು ಗ್ಲಾಸ್ ಎಂದು ನಮ್ಮ ಹೆಸರಿಗೆ ಬರೆದಿತ್ತು. ಪಕ್ಕದ ಕೋಣೆಯಲ್ಲಿದ್ದ ನಿವೃತ್ತ ಕರ್ನಲ್ ಒಬ್ಬರದು. ಮಿಸ್ ಡಾಲ್ಟನ್ ಅದನ್ನು ಹೊಡೆದುಹಾಕಿ, ಪಕ್ಕದಲ್ಲಿ ತನ್ನ ಸಹಿ ಹಾಕಿದಳು. ಸಂಜೆ ಅತ್ತೆಗೆ ಇದನ್ನು ಸ್ಲೇಟಿನ ಮೇಲೆ ಬರೆದು ತೋರಿಸಿದೆ. ಅವರು ಓದಿ, ಸುತ್ತ ನೋಡಿ, ಯಾರೂ ಇಲ್ಲದಿದ್ದರೂ ದನಿ ತಗ್ಗಿಸಿ, “ನಿಮ್ಮ ಮಾವಂಗೆ ಬರೀಬ್ಯಾಡ,” ಅಂದರು. “ಬಸ್ಸು ಮಾರಿದ್ದು ಇದಕ್ಕಾ ಅಂತಾರೆ.”

ಎಲ್ಲ ತೆಗೆದು, ಹೊಡೆದು, ಕೂಡಿಸಿದ ಮೇಲೆ ಉಳಿದ ಮೊತ್ತ ನಮ್ಮ ಹತ್ತಿರ ಇದ್ದದ್ದಕ್ಕಿಂತ ಸ್ವಲ್ಪ ಕಡಿಮೆಯೇ ಇತ್ತು. ಎಡಗಿವಿಗೆ ಸಾಲುವಷ್ಟಲ್ಲ. ಋಣ ತೀರಿಸಿ, ಮಾನವಾಗಿ ಹಡಗು ಹತ್ತುವಷ್ಟು. ಬಾಗಿಲವರೆಗೆ ಬಂದ ಮಿಸ್ ಡಾಲ್ಟನ್ ಅತ್ತೆಯ ಕಿವಿ ಹೇಗಿದೆ ಎಂದು ಕೇಳಿದಳು. ಆವರೆಗೆ ದುಡ್ಡಿನ ಗೋಳಿನಲ್ಲಿ ನಾನು ಅದನ್ನು ಯಾರಿಗೂ ಹೇಳಿರಲಿಲ್ಲ. ಹೇಳಿದೆ. ಅದೇ ಸರ್ಜನ್ ಮಂಗಳವಾರ ಬೆಳಿಗ್ಗೆ ಸರ್ಕಾರಿ ಆಸ್ಪತ್ರೆಯಲ್ಲಿ ಕೂರುತ್ತಾರೆ, ಅಲ್ಲಿ ಯಾರೂ ಏನೂ ಕೊಡಬೇಕಾಗಿಲ್ಲ, ನೀವೂ ಸಹ, ಎಂದು ವಿಳಾಸ ಬರೆದುಕೊಟ್ಟಳು.

ಅದೇ ಕೈ, ಅದೇ ಕತ್ತರಿ, ಒಂದು ಬೀದಿಯಲ್ಲಿ ಎಪ್ಪತ್ತೈದು ಗಿನಿ, ಇನ್ನೊಂದು ಬೀದಿಯಲ್ಲಿ ಪುಕ್ಕಟೆ. ಇದನ್ನು ನಮಗೆ ಮೊದಲೇ ಯಾರೂ ಹೇಳಲಿಲ್ಲವಲ್ಲ ಎಂಬ ಸಿಟ್ಟು ನನ್ನಲ್ಲಿ ಬಹಳ ದಿನ ಇತ್ತು. ಈಗ ಬೆಂಗಳೂರಿನ ಆಸ್ಪತ್ರೆಗಳಲ್ಲಿ ಡಿಸ್ಚಾರ್ಜ್ ದಿನ ಮೊಣಕಾಲುದ್ದದ ಬಿಲ್ಲು ಕೈಗಿಡುತ್ತಾರೆ, ಅದರಲ್ಲಿ ಹತ್ತಿಗೊಂದು ಸಾಲು, ಗ್ಲೌಸಿಗೊಂದು ಸಾಲು. ಓದಲು ಈಗಲೂ ಬರುವುದಿಲ್ಲ. ನೆಲಮಾಳಿಗೆಯ ಮಿಸ್ ಡಾಲ್ಟನ್ ಮಾತ್ರ ಯಾವ ಆಸ್ಪತ್ರೆಯಲ್ಲೂ ಇಲ್ಲ.

ಕಂಠಸ್ನಾನ

ಸೋಮವಾರ ಅತ್ತೆ ಒಂದು ತೀರ್ಮಾನಕ್ಕೆ ಬಂದರು. ತಲೆಗೆ ನೀರು ಬೀಳಬಾರದು ಅಂದರೆ ಕಂಠದವರೆಗೆ ಬಿದ್ದರೆ ಸಾಕು. ಸೂತಕ ಕಳೆಯುವುದಕ್ಕೆ ಮುಟ್ಟಿಸಿಕೊಳ್ಳುವ ನೀರಿಗಿಂತ ಇದು ಹೆಚ್ಚೇ ಆಯಿತು. ಮೀಟರಿಗೆ ಮೂರು ಶಿಲಿಂಗ್ ಹಾಕಿ ನೀರು ಕಾಯಿಸಿ, ತಲೆಗೆ ಟವೆಲ್ ಸುತ್ತಿ, ಕಂಠಸ್ನಾನ ಮಾಡಿದರು. ನಾನು ಓಡಿಹೋಗಿ ಎಲ್ಲ ಬಿಲ್ಲುಗಳಿಗೂ ದುಡ್ಡು ಕಟ್ಟಿ ಬಂದೆ. ಆಯಾ ವಿಳಾಸಗಳಿಗೆ ಕಳಿಸುವ ಕೆಲಸವನ್ನು ಮಿಸ್ ಡಾಲ್ಟನ್ ತಾನೇ ವಹಿಸಿಕೊಂಡಳು.

ಮಂಗಳವಾರ ಸರ್ಕಾರಿ ಆಸ್ಪತ್ರೆಯ ಉದ್ದನೆಯ ಬೆಂಚಿನ ಮೇಲೆ ಕುಳಿತೆವು. ನಮ್ಮ ಎಡಕ್ಕೆ ಬಸ್ ಡ್ರೈವರ್ ಒಬ್ಬ, ಬಲಕ್ಕೆ ಮೀನಿನ ಬುಟ್ಟಿ ಇಟ್ಟುಕೊಂಡ ಮುದುಕಿ. ಸರ್ಜನ್ ಅತ್ತೆಯ ಕಿವಿ ನೋಡಿ, ಒಳಗೆ ಕಟ್ಟಿಕೊಂಡಿದ್ದ ಒಣಗಿದ ರಕ್ತವನ್ನು ತೆಗೆದು ಶುಚಿ ಮಾಡಿದರು. ಇದು ಆಗುವಂಥದ್ದೇ, ಹೆದರಬೇಡಿ ಎಂದರು. ಅತ್ತೆ ತಲೆ ನೆಟ್ಟಗೆ ಮಾಡಿದರು. ಆಚೆ ಕೋಣೆಯಲ್ಲಿ ಯಾರೋ ನಗುತ್ತಿದ್ದರು. ಎಂತ ಹೇಳ್ತಾ ಇದಾರೆ ಅವರು, ಎಂದು ನನ್ನನ್ನು ಕೇಳಿದರು. ಗೊತ್ತಿಲ್ಲ ಅತ್ತೆ, ಹೋಗಿ ಕೇಳಿಕೊಂಡು ಬರುತ್ತೇನೆ ಎಂದು ನಿಜಕ್ಕೂ ಎದ್ದೆ.

ಅವರ ಪಾಲಿಗೆ ಕಿವಿ ಬಂದದ್ದು ಸೋಮವಾರ ಋಣ ತೀರಿದ್ದರಿಂದ. ಮಂಗಳವಾರದ್ದು ಬರೀ ಗುಗ್ಗೆ ತೆಗೆದದ್ದು. ಪುಕ್ಕಟೆ ಮದ್ದು ಮೈಗೆ ಹತ್ತುವುದಿಲ್ಲವೆಂದು ಬೆಂಚಿನ ಮೇಲೆ ಒಂದು ಶಿಲಿಂಗ್ ಬಿಟ್ಟು ಬಂದರು. ನರ್ಸ್ ಓಡಿಬಂದು ಮರಳಿ ಕೊಟ್ಟಳು. ಮತ್ತೆ ಬಿಟ್ಟರು. ಮತ್ತೆ ಓಡಿಬಂದಳು. ಕೊನೆಗೆ ಮೀನಿನ ಮುದುಕಿ ಅದನ್ನು ಎತ್ತಿ ಜೇಬಿಗೆ ಹಾಕಿಕೊಂಡು ಇಬ್ಬರಿಗೂ ನೆಮ್ಮದಿ ಮಾಡಿದಳು.

ಮುಂದಿನದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಎಡಗಿವಿಯ ಆಪರೇಷನ್ ಎಂದೂ ಆಗಲಿಲ್ಲ. ಬಲಗಿವಿ ಅವರನ್ನು ಇಪ್ಪತ್ತಾರು ವರ್ಷ ಕಾಯಿತು. ನನ್ನ ಮಕ್ಕಳ ಮೊದಲ ತೊದಲು ಕೇಳಿದರು. ನಾವು ಅಡುಗೆಮನೆಯಲ್ಲಿ ಪಿಸುಗುಟ್ಟಿದ್ದನ್ನೂ ಕೇಳಿ ಅದಕ್ಕೆ ಹಾಲ್‌ನಿಂದಲೇ ಉತ್ತರ ಕೊಟ್ಟರು. ಆಗಾಗ ನಾವೇ ಹಳೆಯ ದಿನಗಳನ್ನು ನೆನೆದದ್ದುಂಟು.

ಹೊರಡುವ ಮುನ್ನ

ಹಡಗು ಶುಕ್ರವಾರ. ಗುರುವಾರ ಅತ್ತೆ, ಒಣ ದುಡ್ಡು ಕೊಟ್ಟು ಬಂದೆಯಲ್ಲ, ತಾಂಬೂಲ ಎಲ್ಲಿ ಎಂದು ಹಠ ಹಿಡಿದರು. ಅಡಿಕೆ ಟ್ರಂಕಿನಲ್ಲಿತ್ತು. ಎಲೆ? ಲಂಡನ್ನಿನಲ್ಲಿ ಎಲ್ಲಿಯ ವೀಳ್ಯದೆಲೆ. ಪಾರ್ಕಿನಲ್ಲಿ ಬಿದ್ದಿದ್ದ ಅಂಗೈ ಅಗಲದ ಎರಡು ಎಲೆಗಳನ್ನು ಆರಿಸಿ, ತೊಳೆದು ಒರೆಸಿದರು. ಸರ್ಜನ್ ಅವರಿಗೆ ಅಲ್ಲವೇ ಎಂದೆ.

“ಅವ್ರು ಕಿವಿ ಬಿಡಿಸಿದ್ರು, ಅವ್ರಿಗೆ ಕೊಟ್ಟಾತು. ಋಣ ಬಿಡಿಸಿದ್ದು ಈಕೆ,” ಅಂದರು. “ಈಕೆ ಚೀಟಿ ಕಳ್ಸಿಲ್ಲ, ನೋಡು.”

ನೆಲಮಾಳಿಗೆಯ ಕೋಣೆಯಲ್ಲಿ ಅತ್ತೆಯೂ ಮಿಸ್ ಡಾಲ್ಟನ್ನೂ ಮೊದಲ ಸಲ ಎದುರುಬದುರಾದರು. ಹತ್ತು ದಿನ ಒಂದೇ ಕಟ್ಟಡದಲ್ಲಿ ಇದ್ದರೂ ಒಬ್ಬರು ಮೇಲೆ, ಒಬ್ಬರು ಕೆಳಗೆ. ಅತ್ತೆ ಎಲೆ ಅಡಿಕೆ, ಶಿಕಾರಿಪುರದ ಸಂತೆಯಲ್ಲಿ ಕೊಂಡ ಒಂದು ಖಣ, ಎರಡನ್ನೂ ಆಕೆಯ ಕೈಗಿಟ್ಟರು. ಕುಪ್ಪಸದ ಬಟ್ಟೆ ಎಂದು ನಾನು ವಿವರಿಸಿದೆ. ಆಕೆ ಸಾರಿ ಎಂದಳು, ಇಂಥದ್ದನ್ನು ತೆಗೆದುಕೊಳ್ಳುವಂತಿಲ್ಲ ಎಂದಳು, ಖಣದ ಅಂಚನ್ನು ಹೆಬ್ಬೆರಳಿನಿಂದ ಸವರಿದಳು, ತೆಗೆದುಕೊಂಡಳು. ಅತ್ತೆ ಕುಂಕುಮದ ಭರಣಿ ತೆಗೆದು ಆಕೆಯ ಹಣೆಯ ಕಡೆ ಬೆರಳು ಚಾಚಿದಾಗ ಏನೆಂದು ಕೇಳಲೂ ಇಲ್ಲ. ಕನ್ನಡಕವನ್ನು ಹಿಡಿದುಕೊಂಡು, ಚರ್ಚಿನಲ್ಲಿ ಬಗ್ಗುವಂತೆ ಬಗ್ಗಿದಳು.

“ನಮ್ಮೂರಿಗೆ ಬಾ ತಾಯಿ,” ಅಂದರು ಅತ್ತೆ, ಅವರದೇ ಮೆಲುದನಿಯಲ್ಲಿ.

ಮಿಸ್ ಡಾಲ್ಟನ್ ಅದಕ್ಕಿಂತಲೂ ಮೆಲ್ಲಗೆ ಇಂಗ್ಲಿಷಿನಲ್ಲಿ ಏನೋ ಹೇಳಿದಳು. ನನಗ್ಯಾಕೋ ಕೇಳಿಸಲಿಲ್ಲ. ಅತ್ತೆ ಮಾತ್ರ ತಲೆಯಾಡಿಸಿ “ಹೂಂ” ಅಂದರು.

ಹೊರಗೆ ಬಂದು ರಸ್ತೆಯ ಆಚೆ ಬದಿಯಲ್ಲಿ ಟ್ಯಾಕ್ಸಿಗೆ ಕಾಯುತ್ತ ನಿಂತಿದ್ದೆವು. ಆಕೆಯ ಊಟದ ಹೊತ್ತಾಗಿರಬೇಕು, ಹ್ಯಾಟ್ ಹಾಕಿಕೊಂಡು ಮೆಟ್ಟಿಲು ಹತ್ತಿ ಬೀದಿಗೆ ಬಂದಳು. ನಮ್ಮನ್ನು ನೋಡಲಿಲ್ಲ. ಹ್ಯಾಟಿನ ಅಂಚಿನ ಕೆಳಗೆ, ಹುಬ್ಬುಗಳ ನಡುವೆ ಕುಂಕುಮ ಎದ್ದು ಕಾಣುತ್ತಿತ್ತು, ಅತ್ತೆ ದೊಡ್ಡದಾಗಿಯೇ ಇಟ್ಟಿದ್ದರು. ಎದುರಿಗೆ ಬಂದ ಗಂಡಸೊಬ್ಬ ದಾಟಿಹೋಗಿ, ನಿಂತು, ತಿರುಗಿ ನೋಡಿದ. ಮಿಸ್ ಡಾಲ್ಟನ್ ಸ್ವೆಟರಿನ ತೋಳಿನಿಂದ ಕರವಸ್ತ್ರ ಎಳೆದುಕೊಂಡಳು. ಒರೆಸಿಕೊಳ್ಳುತ್ತಾಳೆ, ಪಾಪ, ಒರೆಸಿಕೊಳ್ಳಲಿ ಎಂದುಕೊಂಡೆ. ಆಕೆ ಕನ್ನಡಕ ತೆಗೆದು, ಗಾಜು ಎರಡನ್ನೂ ನಿಧಾನವಾಗಿ ಒರೆಸಿ, ಮತ್ತೆ ಹಾಕಿಕೊಂಡಳು. ಕರವಸ್ತ್ರವನ್ನು ತೋಳಿಗೆ ಸಿಕ್ಕಿಸಿದಳು. ಹ್ಯಾಟನ್ನು ಒಂದಿಷ್ಟು ಹಿಂದಕ್ಕೆ ಸರಿಸಿ, ಜನರ ನಡುವೆ ನಡೆದುಕೊಂಡು ಬೀದಿಯ ಮೂಲೆ ತಿರುಗಿದಳು.